ಚಾರ್ಟ್ ಚೆನ್ನಾಗಿದೆ, ಆದರೆ ಏನು ಹೇಳುತ್ತಿದೆ?

ಪ್ರಶ್ನೆ: ಆಫೀಸಿನಲ್ಲಿ ಪ್ರತಿ ತಿಂಗಳ ವರದಿ ನಾನೇ ತಯಾರಿಸುವುದು. ಎಕ್ಸೆಲ್‌ನಲ್ಲಿ ಎಲ್ಲ ಬಗೆಯ ಚಾರ್ಟ್ ಮಾಡಲು ಬರುತ್ತದೆ. ಆದರೂ ಮೀಟಿಂಗ್‌ನಲ್ಲಿ ತೋರಿಸಿದರೆ, ‘ಇದರಲ್ಲಿ ಏನು ನೋಡಬೇಕು?’ ಅಂತ ಕೇಳುತ್ತಾರೆ. ಬೇರೆ ಸಾಫ್ಟ್‌ವೇರ್ ಕಲಿಯಬೇಕಾ?

ಉತ್ತರ: ಬೇಡ. ಅವರು ಕೇಳಿದ ಪ್ರಶ್ನೆಯನ್ನು ಮೊದಲು ನೀವೇ ಕೇಳಿಕೊಳ್ಳಿ. ಚಾರ್ಟ್‌ಗೆ ಕೈ ಹಾಕುವ ಮುಂಚೆ ಅದು ಹೇಳಬೇಕಾದ ಮಾತನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ತಿಂಗಳವಾರು ದೂರುಗಳು’ ಅಂದರೆ ಸುಮ್ನೆ ಹೆಸರು. ‘ಬಿಲ್ ಬದಲಾದ ತಿಂಗಳಿಂದ ದೂರು ಏರುತ್ತಲೇ ಇದೆ’ ಅಂದರೆ ಮಾತು. ಅದನ್ನೇ ಶೀರ್ಷಿಕೆ ಮಾಡಿ.

ಮಾತು ಸಿಕ್ಕಿತು ಅಂದರೆ ಚಾರ್ಟ್ ಯಾವುದು ಅನ್ನುವುದೂ ಅರ್ಧ ತೀರ್ಮಾನವಾದಂತೆ. ಕಾಲದ ಜೊತೆ ಏರಿಳಿತ ತೋರಿಸಬೇಕೇ? ಗೆರೆ. ಹೋಲಿಸಬೇಕೇ? ಬಾರ್. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು, ಚಾರ್ಟಿನಲ್ಲಿ ಕಣ್ಣು ಯಾವುದನ್ನು ಸರಿಯಾಗಿ ಅಳೆಯುತ್ತದೆ ಅಂತ 1984ರಲ್ಲಿ ಜನರ ಮೇಲೇ ಪರೀಕ್ಷಿಸಿ ನೋಡಿದರು. ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಚೆನ್ನಾಗಿ ಅಳೆಯುತ್ತದೆ. ಕೋನ, ವಿಸ್ತೀರ್ಣ ಅಂದರೆ ಎಡವುತ್ತದೆ. ಎಂಟು ಹೋಳಿನ ಪೈ ಚಾರ್ಟ್ ಯಾರಿಗೂ ಅರ್ಥವಾಗದಿರುವುದು ಇದಕ್ಕೇ. ಅದೇ ಎಂಟನ್ನು ದೊಡ್ಡದರಿಂದ ಚಿಕ್ಕದಕ್ಕೆ ಅಡ್ಡ ಬಾರ್‌ಗಳಾಗಿ ಜೋಡಿಸಿ. ಹೇಳಬೇಕಾದ ಒಂದು ಬಾರ್‌ಗೆ ಮಾತ್ರ ಗಾಢ ಬಣ್ಣ ಕೊಡಿ, ಉಳಿದವೆಲ್ಲ ಬೂದು. ಲೆಜೆಂಡ್ (ಯಾವ ಬಣ್ಣ ಯಾವುದಕ್ಕೆ ಅಂತ ಹೇಳುವ ಪಟ್ಟಿ) ತೆಗೆದು ಹೆಸರನ್ನು ಬಾರ್ ಪಕ್ಕದಲ್ಲೇ ಬರೆಯಿರಿ. ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಮನವೊಲಿಸುವುದು ಅಂದರೆ ಉತ್ಪ್ರೇಕ್ಷೆ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. 46 ಮತ್ತು 48ನ್ನು ಬಾರ್‌ಗಳಲ್ಲಿ ಹೋಲಿಸುತ್ತಿದ್ದೀರಿ ಅಂದುಕೊಳ್ಳಿ. ನಿಜವಾದ ವ್ಯತ್ಯಾಸ ಸುಮಾರು ಶೇ 4. ಅಕ್ಷವನ್ನು 40ರಿಂದ ಶುರು ಮಾಡಿದರೆ ಒಂದರ ಎತ್ತರ 6, ಇನ್ನೊಂದರದು 8. ಕಣ್ಣಿಗೆ ಮೂರನೇ ಒಂದು ಪಾಲು ಜಾಸ್ತಿ! ಬಾರ್ ಯಾವಾಗಲೂ ಸೊನ್ನೆಯಿಂದಲೇ ಏಳಬೇಕು. ಗೆರೆಯ ಚಾರ್ಟ್‌ಗೆ ಈ ಕಟ್ಟುಪಾಡಿಲ್ಲ, ಅಲ್ಲಿ ನಾವು ನೋಡುವುದು ಓರೆಯನ್ನು. ಆದರೂ ಅಕ್ಷ ಎಲ್ಲಿಂದ ಶುರುವಾಗಿದೆ ಅಂತ ಎದ್ದು ಕಾಣಲಿ. ಒಮ್ಮೆ ಮೋಸ ಅನ್ನಿಸಿತೋ, ನಿಮ್ಮ ಮುಂದಿನ ಹತ್ತು ಚಾರ್ಟ್‌ಗಳನ್ನೂ ಯಾರೂ ನಂಬುವುದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ನೆನಪಾಗುತ್ತಾರೆ. ಕ್ರಿಮಿಯಾ ಯುದ್ಧದಲ್ಲಿ ಸತ್ತ ಸೈನಿಕರ ಲೆಕ್ಕವನ್ನು ಅವರು 1858ರಲ್ಲಿ ಹೂವಿನ ದಳಗಳ ಹಾಗೆ ಬಿಡಿಸಿದರು. ಗಾಯಕ್ಕೆ ಕೆಂಪು, ತಡೆಯಬಹುದಾಗಿದ್ದ ರೋಗಗಳಿಗೆ ನೀಲಿ. ಎಲ್ಲಿ ನೋಡಿದರೂ ನೀಲಿಯೇ. ಅಳತೆಗೆ ಆ ದಳಗಳು ಅಷ್ಟು ಒಳ್ಳೆಯವಲ್ಲ, ಕಣ್ಣು ವಿಸ್ತೀರ್ಣದಲ್ಲಿ ಎಡವುತ್ತದೆ ಅಂದೆನಲ್ಲ. ಆದರೆ ಗುಂಡಿಗಿಂತ ಕೊಳಕೇ ಹೆಚ್ಚು ಜನರನ್ನು ಕೊಂದಿತು ಅನ್ನುವ ಒಂದು ಮಾತು ಕಣ್ಣಿಗೆ ಹೊಡೆಯುತ್ತದೆ. ಆ ಚಿತ್ರ ನೋಡಿದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಭ್ಯಾಸಕ್ಕೆ ಪೆನ್ಸಿಲ್, ಹಾಳೆ ಸಾಕು. ವಾರಕ್ಕೊಂದು ಪತ್ರಿಕೆಯ ಚಾರ್ಟ್ ತೆಗೆದುಕೊಂಡು ಅದೇ ಅಂಕಿಗಳನ್ನು ಮೂರು ಬಗೆಯಲ್ಲಿ ಬಿಡಿಸಿ. ಈ ತಿಂಗಳ ವರದಿ ಕಳಿಸುವ ಮುಂಚೆ, ವಿಷಯ ಗೊತ್ತಿಲ್ಲದ ಸಹೋದ್ಯೋಗಿಗೆ ಚಾರ್ಟನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿಡಿ. ಏನು ಕಂಡಿತು ಅಂತ ಕೇಳಿ. ಅವರು ಹೇಳಿದ್ದು ನೀವು ಬರೆದಿಟ್ಟ ವಾಕ್ಯಕ್ಕೆ ಹೊಂದದಿದ್ದರೆ, ಅವರಿಗೆ ವಿವರಿಸಲು ಹೋಗಬೇಡಿ. ಚಾರ್ಟನ್ನೇ ತಿದ್ದಿ.