ತಾತನ ಕಾಲದ ರೆಕಾರ್ಡುಗಳಿಗೆ ಗ್ರೇಡ್ ಹಾಕಿ ಮಾರುವುದು ಹೇಗೆ?

ಮಂಡ್ಯದ ಮನೆಯ ಅಟ್ಟದಲ್ಲಿ ತಾತನ ಒಂದು ಟ್ರಂಕ್ ರೆಕಾರ್ಡ್ ಸಿಕ್ಕಿದೆ, ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ, ನೆಟ್‌ನಲ್ಲಿ ನೋಡಿದರೆ ಅಂಥದ್ದೇ ರೆಕಾರ್ಡಿಗೆ ಸಾವಿರಾರು ರೂಪಾಯಿ ಹಾಕಿದ್ದಾರೆ, ಈ ವಿಜಿ ಪ್ಲಸ್ ಅಂದರೆ ಏನು ಎಂದು ಕೇಳಿದ್ದೀರಿ. ನಾನು ಮೈಸೂರಿನವನು. ಅಂಗಡಿ ಇಟ್ಟವನಲ್ಲ. ಮನೆಯಲ್ಲಿ ಜಾಗ ಸಾಲದೆ ನನ್ನ ಸಂಗ್ರಹವನ್ನು ಸ್ವಲ್ಪ ಸ್ವಲ್ಪವಾಗಿ ಮಾರುತ್ತಾ ಬಂದಿದ್ದೇನೆ.

ಗುಜರಿಯವರಿಗೆ ಸದ್ಯ ಆಮೇಲೆ ಬನ್ನಿ ಎನ್ನಿ. ಹಾಗಂತ ಟ್ರಂಕಿನಲ್ಲಿ ನಿಧಿ ಇದೆ ಎಂದುಕೊಳ್ಳಬೇಡಿ. ನೆಟ್‌ನಲ್ಲಿ ಕಾಣುವ ಸಾವಿರಗಳು ಮಾರುವವರ ಆಸೆ, ಅಷ್ಟೇ. ನಿಮಗೆ ಬೇಕಾದದ್ದು ನಿಜವಾಗಿ ಮಾರಾಟವಾದ ಬೆಲೆ. ರೆಕಾರ್ಡ್ ಕೊಳ್ಳುವ, ಮಾರುವ ಡಿಸ್ಕಾಗ್ಸ್ ತಾಣದಲ್ಲಿ ರೆಕಾರ್ಡಿನ ನಂಬರ್ ಹಾಕಿ ಹುಡುಕಿದರೆ, ಹಿಂದೆ ಮಾರಾಟವಾಗಿದ್ದರೆ ಕಡಿಮೆ, ನಡುವಿನ, ಹೆಚ್ಚಿನ ಬೆಲೆ ಮೂರೂ ಸಿಗುತ್ತವೆ. ನಡುವಿನದ್ದನ್ನು ನೋಡಿ. ನಂಬರ್ ಲೇಬಲ್ ಮೇಲಿರುತ್ತದೆ. ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ಖಾಲಿ ಜಾಗದಲ್ಲೂ ಸಣ್ಣಗೆ ಕೊರೆದಿರುತ್ತಾರೆ. ಮೊದಲ ಅಚ್ಚೋ ಆಮೇಲಿನದೋ ಎಂದು ತಿಳಿಯಲು ಅದು ಬೇಕಾಗುತ್ತದೆ.

ಮೊದಲ ಕೆಲಸ ಬೇರ್ಪಡಿಸುವುದು. ಹತ್ತು ಇಂಚಿನ, ಕೈಗೆ ಭಾರ ಅನ್ನಿಸುವ, 78 ವೇಗದ್ದು ಹಳೇ ಪ್ಲೇಟು. ಅದು ಸಾಮಾನ್ಯವಾಗಿ ವಿನೈಲ್ ಅಲ್ಲ, ಅರಗಿನದು. ಕೈಜಾರಿದರೆ ಹೋಳು. ಏಳು ಇಂಚಿನ 45 ವೇಗದ್ದು ಇಪಿ, ಸಿನಿಮಾ ಹಾಡುಗಳು ಹೆಚ್ಚಾಗಿ ಇದರಲ್ಲೇ ಇರುತ್ತವೆ. ಹನ್ನೆರಡು ಇಂಚಿನದು ಎಲ್‌ಪಿ, ನಿಮಿಷಕ್ಕೆ 33⅓ ಸುತ್ತು. ಮೂರನ್ನೂ ಒಂದರ ಮೇಲೊಂದು ಮಲಗಿಸಿದ್ದರೆ ಇವತ್ತೇ ತೆಗೆದು, ಪುಸ್ತಕ ಜೋಡಿಸುವ ಹಾಗೆ ನೆಟ್ಟಗೆ ನಿಲ್ಲಿಸಿ.

ಬೇರ್ಪಡಿಸದೆ ತೊಳೆಯಲು ಹೋಗಬೇಡಿ. ಯೂಟ್ಯೂಬ್ ನೋಡಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸುವವರು ಬಹಳ. ವಿನೈಲ್‌ಗೆ ಅದನ್ನು ನೀರಿನಲ್ಲಿ ಬೆರೆಸಿ ಬಳಸಬಹುದು. 78ಕ್ಕೆ ಹಾಕಿದರೆ ಮುಗಿಯಿತು, ಮೇಲ್ಮೈಯೇ ಕರಗುತ್ತದೆ. ಮರಗೆಲಸದವರು ಪಾಲಿಶ್‌ಗೆ ಅರಗನ್ನು ಸ್ಪಿರಿಟ್‌ನಲ್ಲೇ ಅಲ್ವಾ ಕರಗಿಸುವುದು? ನಾನು ಬಳಸುವುದು ಡಿಸ್ಟಿಲ್ಡ್ ವಾಟರ್, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಮೈಕ್ರೋಫೈಬರ್ ಬಟ್ಟೆ. ಗೆರೆಗಳ ದಿಕ್ಕಿನಲ್ಲೇ ಸುತ್ತ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಇನ್ನೊಂದು ಸಲ. ಲೇಬಲ್ ನೆನೆಯಬಾರದು. ಮಳೆಗಾಲ ಕಳೆದ ಟ್ರಂಕಿನಲ್ಲಿ ಬೂಷ್ಟು ಇದ್ದೇ ಇರುತ್ತದೆ. ಎಷ್ಟೋ ರೆಕಾರ್ಡ್ ಇಷ್ಟಕ್ಕೇ ಒಂದು ಗ್ರೇಡ್ ಮೇಲೇರುತ್ತವೆ.

ಈಗ ಗ್ರೇಡ್. ಹೆಚ್ಚಿನವರು ಬಳಸುವುದು ಅಮೆರಿಕದ ಗೋಲ್ಡ್‌ಮೈನ್ ಪತ್ರಿಕೆಯ ಅಳತೆ. ಮಿಂಟ್ ಅಂದರೆ ಹೊಚ್ಚ ಹೊಸದು, ಆಮೇಲೆ ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ (ವೆರಿ ಗುಡ್), ಗುಡ್ ಪ್ಲಸ್, ಗುಡ್, ಕೊನೆಗೆ ಫೇರ್ ಮತ್ತು ಪೂರ್. ಮಿಂಟ್ ಮರೆತುಬಿಡಿ, ತಾತ ಕೇಳದೆ ಇಟ್ಟಿರಲಾರರು. ವಿಜಿ ಪ್ಲಸ್ ಎಂದರೆ ಸಣ್ಣಪುಟ್ಟ ಗುರುತು ಕಂಡರೂ ಕೇಳುವಾಗ ತೊಂದರೆ ಕೊಡಬಾರದು. ವಿಜಿಯಲ್ಲಿ ಹಾಡಿನ ಮೆಲುದನಿಯ ಕಡೆ ಚಟಪಟ ಕೇಳುತ್ತದೆ, ಗೀರು ಉಗುರಿಗೆ ಸಿಗುತ್ತದೆ. ಗುಡ್ ಎಂದರೆ ಓಡುತ್ತದೆ, ಅಷ್ಟೇ. ಬೆಲೆ ಇಳಿಯುವ ರೀತಿ ನೋಡಿ. ನಿಯರ್ ಮಿಂಟ್‌ಗೆ 100 ರೂಪಾಯಿ ಎಂದಿಟ್ಟರೆ ವಿಜಿ ಪ್ಲಸ್‌ಗೆ ಸುಮಾರು 50, ವಿಜಿಗೆ 25, ಗುಡ್‌ಗೆ 10ರಿಂದ 15. ಮಾರುವವರಿಗೆ ಒಂದು ಗ್ರೇಡ್ ಏರಿಸುವ ಆಸೆ ಯಾಕೆ ಬರುತ್ತದೆ ಎಂದು ಇದರಲ್ಲೇ ಗೊತ್ತಾಗುತ್ತದೆ. ನೀವು ಅನುಮಾನ ಬಂದಾಗಲೆಲ್ಲ ಒಂದು ಮೆಟ್ಟಿಲು ಕೆಳಗೇ ಹಾಕಿ. ಕೊಂಡವರು ನಿಮ್ಮ ಹತ್ತಿರ ಎರಡನೇ ಸಲ ಬರುವುದು ಇದೊಂದೇ ಕಾರಣಕ್ಕೆ.

ಟ್ಯೂಬ್‌ಲೈಟ್ ಸಾಲದು. ಬಿಸಿಲಲ್ಲಿ ಅಥವಾ ಒಂಟಿ ಬಲ್ಬಿನ ಕೆಳಗೆ ಅಂಚು ಹಿಡಿದು ಓರೆಯಾಗಿ ತಿರುಗಿಸಿ. ಗೀರು ಎದ್ದು ಕಾಣುತ್ತದೆ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ತೆಳು ಗೆರೆಗಳಿವೆಯೇ ನೋಡಿ. ಪ್ಲೇಯರ್‌ನ ನಡುವಿನ ಕಡ್ಡಿಗೆ ಸಿಕ್ಕಿಸಲು ತಡಕಾಡಿದ ಗುರುತು ಅದು. ಜಾಸ್ತಿ ಇದ್ದರೆ ರೆಕಾರ್ಡ್ ಚೆನ್ನಾಗಿ ಓಡಿದೆ. ಆಮೇಲೆ ಟರ್ನ್‌ಟೇಬಲ್ ಮೇಲಿಟ್ಟು, ಅಂಚು ಏಳುಬೀಳು ಆಡುತ್ತದೆಯೇ ಎಂದು ಪಕ್ಕದಿಂದ ನೋಡಿ.

ಇಷ್ಟಾದರೂ ಕಣ್ಣನ್ನು ನಂಬಬೇಡಿ. ಬೇರೆ ಊರಿನ ಒಬ್ಬರಿಂದ ನಿಯರ್ ಮಿಂಟ್ ಎಂದು ನಾನು ಕೊಂಡ ವೀಣೆಯ ಎಲ್‌ಪಿ ಕನ್ನಡಿ ಥರ ಹೊಳೆಯುತ್ತಿತ್ತು. ಹಾಕಿದರೆ ಮೇಲಿನ ಸ್ವರಗಳೆಲ್ಲ ಒಡೆದು ಕೇಳಿದವು. ನಮ್ಮ ಕಡೆ ಇದು ತುಂಬ ಸಾಮಾನ್ಯ. ಆಗ ಮನೆಮನೆಯಲ್ಲಿ ಇದ್ದದ್ದು ಎಚ್‌ಎಂವಿ ಫಿಯೆಸ್ಟಾ, ಕ್ಯಾಲಿಪ್ಸೊ ಥರದ ಸಣ್ಣ ಪ್ಲೇಯರ್‌ಗಳು. ತೋಳು ಭಾರ, ಸವೆದ ಮುಳ್ಳನ್ನು ಬದಲಿಸುವವರು ಕಡಿಮೆ. ಗೀರಿಲ್ಲದೆಯೇ ಗೆರೆಯ ಗೋಡೆ ಸವೆದಿರುತ್ತದೆ. ಅದನ್ನು ಹಿಡಿಯುವುದು ಕಿವಿ ಮಾತ್ರ. ಪ್ರತಿ ಮೈಯ ಕೊನೆಯ ಹಾಡನ್ನು ಪೂರ್ತಿ ಕೇಳಿ. ಸವೆತ ಒಳಸುತ್ತಿನಲ್ಲೇ ಮೊದಲು ಗೊತ್ತಾಗುತ್ತದೆ. ಕೇಳಲು ಒಳ್ಳೆಯ ಪ್ಲೇಯರ್ ಇಲ್ಲದಿದ್ದರೆ 'ನೋಡಿ ಹಾಕಿದ ಗ್ರೇಡ್, ಓಡಿಸಿ ನೋಡಿಲ್ಲ' ಎಂದೇ ಬರೆಯಿರಿ. 78ಗಳನ್ನು ಎಲ್‌ಪಿ ಮುಳ್ಳಿನಲ್ಲಿ ಓಡಿಸಿ ಗದ್ದಲ ಜಾಸ್ತಿ ಎಂದು ತೀರ್ಮಾನಿಸಬೇಡಿ. ಅದರ ಗೆರೆ ಅಗಲ. ಅದಕ್ಕೆ 3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಮುಳ್ಳು ಬೇಕು, ಎಲ್‌ಪಿಯದು 0.7 ಮಿಲ್.

ಕವರ್‌ಗೆ ಬೇರೆ ಗ್ರೇಡ್. ಮದುವೆ ಉಡುಗೊರೆಯ ಹಾರೈಕೆ, ಬಾಲ್‌ಪೆನ್ನಲ್ಲಿ ಬರೆದ ಹೆಸರು, ಲೈಬ್ರರಿ ಮುದ್ರೆ, ಟೇಪ್ ಅಂಟಿಸಿದ್ದು, ಎಲ್ಲ ತಿಳಿಸಿ. ಫೋಟೊ ಹಾಕಿ. ಅಳಿಸಲು ಹೋಗಬೇಡಿ.

ಯಾವುದಕ್ಕೆ ಬೆಲೆ? ಹೆಸರುವಾಸಿ ಹಿಂದಿ ಸಿನಿಮಾ ಎಲ್‌ಪಿಗಳು ರಾಶಿಗಟ್ಟಲೆ ಅಚ್ಚಾದವು, ಕಂಡೀಷನ್ ಚೆನ್ನಾಗಿಲ್ಲದಿದ್ದರೆ ಕೇಳುವವರಿಲ್ಲ. ಪಿ. ಕಾಳಿಂಗರಾವ್, ಬಿ.ಎಸ್. ರಾಜಯ್ಯಂಗಾರ್, ಪಿಟೀಲು ಚೌಡಯ್ಯ ಇವರ 78ಗಳನ್ನು ಹುಡುಕುವವರು ಈಗಲೂ ಇದ್ದಾರೆ. ಇಂಗ್ಲಿಷ್ ಪ್ಲೇಟು ಇದ್ದರೆ ಎರಡು ಸಲ ನೋಡಿ. ಇಂಗ್ಲೆಂಡಿನಲ್ಲಿ 1960ರ ಹೊತ್ತಿಗೆ 78 ನಿಂತಿತ್ತು. ಇಲ್ಲಿ ಕರೆಂಟ್ ಇಲ್ಲದ ಮನೆಗಳಲ್ಲಿ ಕೀಲಿ ಕೊಡುವ ಗ್ರಾಮಫೋನ್ ಇನ್ನೂ ಇದ್ದುದರಿಂದ ಅಚ್ಚಾಗುತ್ತಲೇ ಇತ್ತು. ಹಾಗಾಗಿ ಬೀಟಲ್ಸ್ ಕೂಡ ಇಲ್ಲಿ 78ರಲ್ಲಿ ಬಂದರು, ಅದಕ್ಕೆ ವಿದೇಶದವರು ಮುಗಿಬೀಳುತ್ತಾರೆ. ಮೈಸೂರಿನ ಹಳೇ ಮನೆಗಳಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆಲ್ಬಂಗಳೂ ಸಿಗುತ್ತವೆ. ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಅವರ ಸಂಗೀತವನ್ನು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿಯಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರೇ. ಮೆಟ್ನರ್ ಸೊಸೈಟಿ ಎಂದು ಬರೆದ ಆಲ್ಬಂ ಕಂಡರೆ ಬಿಡಿಬಿಡಿಯಾಗಿ ಮಾರಬೇಡಿ.

ಮಾರುವುದು ನಿಧಾನದ ಕೆಲಸ. ಒಳ್ಳೆಯದನ್ನು ಒಂದೊಂದಾಗಿ, ಸಾಧಾರಣದ್ದನ್ನು ಹತ್ತು ಹನ್ನೆರಡರ ಕಟ್ಟು ಮಾಡಿ ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ ಹಾಕಿ. ಡಿಸ್ಕಾಗ್ಸ್‌ನಲ್ಲಿ ಕಮಿಷನ್ ಹೋಗುತ್ತದೆ. ಪೇಪಾಲ್ 2021ರಿಂದ ದೇಶದೊಳಗಿನ ವ್ಯವಹಾರ ನಿಲ್ಲಿಸಿದೆ, ವಿದೇಶದಿಂದ ಹಣ ಬರುವುದಕ್ಕೆ ಮಾತ್ರ ಉಪಯೋಗ. ಇಲ್ಲಿಯವರಿಗೆ ಯುಪಿಐ ಸಾಕು. ಎಲ್‌ಪಿ ಕಳಿಸುವಾಗ ರೆಕಾರ್ಡನ್ನು ಕವರ್‌ನಿಂದ ಹೊರತೆಗೆದು, ಒಳಚೀಲದ ಸಮೇತ ಕವರ್‌ನ ಹಿಂದೆ ಇಡಿ. ಇಲ್ಲದಿದ್ದರೆ ದಾರಿಯಲ್ಲಿ ಅಲುಗಾಡಿ ಕವರ್‌ನ ಅಂಚು ಸೀಳುತ್ತದೆ. ಎರಡೂ ಕಡೆ ಗಟ್ಟಿ ರಟ್ಟು ಕೊಡಿ. 78ಗಳನ್ನು ನಾನಂತೂ ಪೋಸ್ಟ್ ಮಾಡುವುದಿಲ್ಲ. ಬೆಂಗಳೂರಿನವರೇ ಆದರೂ ರೈಲಿನಲ್ಲಿ ಬಂದು, ಕೇಳಿ, ಕೈಯಲ್ಲೇ ತೆಗೆದುಕೊಂಡು ಹೋಗಲಿ ಎನ್ನುತ್ತೇನೆ. ಮಂಡ್ಯ ಅವರಿಗೆ ಇನ್ನೂ ಹತ್ತಿರ. ಸೀಳು ಬಿಟ್ಟದ್ದು, ಚಕ್ಕೆ ಎದ್ದದ್ದು ಕೊನೆಗೆ ಉಳಿದರೆ, ಗುಜರಿಯವರನ್ನು ಆಗ ಕರೆಯಿರಿ.