ಹನಿಮೂನ್ ಟಿಕೆಟ್ ಯಾವ ಹೆಸರಲ್ಲಿ ಮಾಡಿಸಬೇಕು?

ಪ್ರಶ್ನೆ: ಮದುವೆಗೆ ಇನ್ನೂ ಏಳು ತಿಂಗಳಿದೆ, ಹನಿಮೂನ್‌ಗೆ ಈಗಲೇ ವಿಮಾನದ ಟಿಕೆಟ್ ಮಾಡಿಸ್ತಿದ್ದೇವೆ. ಮದುವೆಯಾದ ಮೇಲೆ ನನ್ನ ಸರ್‌ನೇಮ್ ಬದಲಾಗುತ್ತದೆ. ಟಿಕೆಟ್ ಹೊಸ ಹೆಸರಲ್ಲಿ ಇರಬೇಕಾ, ಹಳೇ ಹೆಸರಲ್ಲಾ?

ಉತ್ತರ: ಹೊರಡುವ ದಿನ ನಿಮ್ಮ ಕೈಯಲ್ಲಿರುವ ಪಾಸ್‌ಪೋರ್ಟ್‌ನಲ್ಲಿ ಯಾವ ಹೆಸರಿದೆಯೋ ಆ ಹೆಸರಲ್ಲಿ. ಬೇರೆ ಮಾತೇ ಇಲ್ಲ. ಈ ಪ್ರಶ್ನೆ ಬಂದಷ್ಟು ನನಗೆ ಇನ್ಯಾವುದೂ ಬರಲ್ಲ, ಅದೂ ಎಷ್ಟೋ ಸಲ ಹೊಸ ಹೆಸರಲ್ಲಿ ದುಡ್ಡು ಕಟ್ಟಿ ಮುಗಿದ ಮೇಲೆ ಬರುತ್ತದೆ. ಸಿಟ್ಟು ಬರುವುದು ಅದಕ್ಕೇ.

ಪಾಸ್‌ಪೋರ್ಟ್ ತೆಗೆದು ಫೋಟೋ ಇರುವ ಪುಟದ ಬುಡ ನೋಡಿ. ದಪ್ಪ ಅಕ್ಷರಗಳ ಎರಡು ಸಾಲು ಇದೆ, ಒಂದೊಂದರಲ್ಲೂ 44 ಗುರುತು. ಮೇಲಿನ ಸಾಲಿನಲ್ಲಿ ದೇಶದ ಕೋಡ್, ಅದಕ್ಕೆ ಅಂಟಿಕೊಂಡು ಸರ್‌ನೇಮ್, ನಂತರ ಬಾಣದ ತುದಿಯಂಥ ಎರಡು ಗುರುತು, ಆಮೇಲೆ ನಿಮ್ಮ ಹೆಸರು. ಕೌಂಟರಿನ ಯಂತ್ರ ಓದುವುದು ಈ ಸಾಲುಗಳನ್ನೇ. ಟಿಕೆಟ್ ಇದಕ್ಕೆ ಹೊಂದದಿದ್ದರೆ ನಿಮ್ಮನ್ನು ವಿಮಾನ ಹತ್ತಿಸದೇ ಇರಬಹುದು. ಮದುವೆ ಸರ್ಟಿಫಿಕೇಟ್ ತೋರಿಸಿದ್ರೆ ಆಗಲ್ವಾ ಅಂತೀರಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪಲ್ಲ. ಹೊರಡುವ ಹೊತ್ತಿನಲ್ಲಿ ಆ ಪರೀಕ್ಷೆ ಯಾಕೆ ಬೇಕು?

‘ಹೊಸ ಹೆಸರೇ ಹಾಕಿ, ಏರ್‌ಪೋರ್ಟ್‌ನಲ್ಲಿ ಅಡ್ಜಸ್ಟ್ ಆಗುತ್ತೆ’ ಅನ್ನುವ ಏಜೆಂಟರಿದ್ದಾರೆ. ಅವತ್ತು ಕೌಂಟರ್ ಮುಂದೆ ನಿಲ್ಲುವವರು ನೀವು, ಅವರಲ್ಲ. ಒಂದೆರಡು ಅಕ್ಷರದ ತಪ್ಪನ್ನು ವಿಮಾನ ಕಂಪನಿಗಳು ಸಾಮಾನ್ಯವಾಗಿ ತಿದ್ದಿಕೊಡುತ್ತವೆ. ಇಡೀ ಸರ್‌ನೇಮ್ ಬದಲಿಸಿ ಅಂದರೆ ಎಷ್ಟೋ ಕಡೆ ರದ್ದು ಮಾಡಿ ಹೊಸದಾಗಿ ಕೊಳ್ಳಿ ಅನ್ನುತ್ತಾರೆ, ಕಡಿಮೆ ದರದ ಟಿಕೆಟ್ಟಾದರೆ ಕಟ್ಟಿದ ಹಣವೂ ವಾಪಸ್ ಬರದಿರಬಹುದು.

ಹಾಗಾದ್ರೆ ಮದುವೆಯಾದ ತಕ್ಷಣ ಪಾಸ್‌ಪೋರ್ಟನ್ನೇ ಬದಲಿಸಿಬಿಡೋಣ ಅಂತ ಹೊರಡಬೇಡಿ. ಹೊಸ ಪಾಸ್‌ಪೋರ್ಟ್ ಬಂದರೆ ನಂಬರೂ ಬದಲಾಗುತ್ತದೆ. ಅಮೆರಿಕದ ಎಸ್ಟಾದಂಥ ಆನ್‌ಲೈನ್ ಅನುಮತಿಗಳು ಆ ನಂಬರಿಗೇ ಜೋಡಿಸಿರುವಂಥವು, ಅದನ್ನು ಮತ್ತೆ ಮೊದಲಿಂದ ಮಾಡಿಸಬೇಕು. ಟಿಕೆಟ್, ವೀಸಾ, ವಿಮೆ ಎಲ್ಲಾ ಹಳೇ ಹೆಸರಲ್ಲೇ ಇರಲಿ. ಹೋಗಿ ಬನ್ನಿ, ಬಂದ ಮೇಲೆ ಹೆಸರು ಬದಲಿಸಿಕೊಳ್ಳಿ. ಗುಟ್ಟಾಗಿ ಟಿಕೆಟ್ ಮಾಡಿಸಿ ಸರ್‌ಪ್ರೈಸ್ ಕೊಡುವವರಿಗೂ ಇದೇ ಮಾತು: ಪ್ರೀತಿಯಿಂದ ನಿಮ್ಮ ಸರ್‌ನೇಮ್ ಸೇರಿಸಬೇಡಿ, ಅವರ ಪಾಸ್‌ಪೋರ್ಟ್ ಪುಟದ ಫೋಟೋ ಕೇಳಿ ಪಡೆಯಿರಿ. ಸರ್‌ಪ್ರೈಸ್ ಅರ್ಧ ಹಾಳಾದರೂ ಪರವಾಗಿಲ್ಲ.

ಅದೇ ಪುಟದಲ್ಲಿ ಮುಗಿಯುವ ದಿನಾಂಕವನ್ನೂ ನೋಡಿಬಿಡಿ. ಎಷ್ಟೋ ದೇಶಗಳು 6 ತಿಂಗಳ ವ್ಯಾಲಿಡಿಟಿ ಕೇಳುತ್ತವೆ. ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳಿಗೆ, ಅಲ್ಲಿಂದ ವಾಪಸ್ ಹೊರಟ ಮೇಲೂ 3 ತಿಂಗಳು ಉಳಿದಿರಬೇಕು, ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು. ಅವಧಿ ಸಾಲದಿದ್ದರೆ ಟಿಕೆಟ್‌ಗಿಂತ ಮೊದಲು ಪಾಸ್‌ಪೋರ್ಟ್ ರಿನ್ಯೂ ಮಾಡಿಸಿ.

ಪ್ರಶ್ನೆ: ಯುರೋಪಿಗೆ ವೀಸಾ ಈಗಲೇ ಹಾಕಬಹುದಾ?

ಉತ್ತರ: ಪ್ರಯಾಣಕ್ಕೆ 6 ತಿಂಗಳಿರುವಾಗಿನಿಂದ ಹಾಕಬಹುದು, ಕೊನೆಗೆ 15 ದಿನ ಮೊದಲು. ಆ ಕೊನೆಯ 15 ದಿನವನ್ನು ಮರೆತುಬಿಡಿ. ತೀರ್ಮಾನಕ್ಕೆ 45 ದಿನದವರೆಗೂ ಹಿಡಿಯಬಹುದು. ವೀಸಾ ಬರುವ ತನಕ ರದ್ದು ಮಾಡಬಹುದಾದ ಹೋಟೆಲ್ ಮಾತ್ರ ಬುಕ್ ಮಾಡಿ.

ಪ್ರಶ್ನೆ: ಮಂಗಳವಾರ ಮಧ್ಯರಾತ್ರಿ ಟಿಕೆಟ್ ಅಗ್ಗವಂತೆ, ನಿಜವಾ?

ಉತ್ತರ: ಇಲ್ಲ. ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ದ್ವೀಪಗಳ ಪ್ಯಾಕೇಜ್‌ಗೆ ಅರ್ಧ ಬೆಲೆಯ ಆಫರ್ ಬಂದಿದೆ, ಇವತ್ತೇ ಪೂರ್ತಿ ಹಣ ಹಾಕಿ ಅಂತಿದ್ದಾರೆ.

ಉತ್ತರ: ಯಾವ ತಿಂಗಳಿಗೆ? ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್ ಕೊನೆವರೆಗೆ ಚಂಡಮಾರುತದ ಕಾಲ. ಮಾಲ್ಡೀವ್ಸ್‌ನಲ್ಲಿ ಸುಮಾರು ಮೇಯಿಂದ ಅಕ್ಟೋಬರ್‌ವರೆಗೆ ಮಳೆ ಗಾಳಿ ಜಾಸ್ತಿ. ಅಗ್ಗ ಆಗಿರುವುದು ಅದಕ್ಕೇ ಇರಬಹುದು. ತಿಂಗಳು ಸರಿಯಿದ್ದರೂ, ಹಣವನ್ನು ಒಬ್ಬ ವ್ಯಕ್ತಿಯ ಸ್ವಂತ ಖಾತೆಗೆ ಹಾಕಿ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಮದುವೆಯ ಮರುದಿನ ಬೆಳಿಗ್ಗೆಯೇ ಹೊರಡಬಹುದಾ?

ಉತ್ತರ: ನಾನಂತೂ ಮಾಡಿಸಿಕೊಡಲ್ಲ. ಎರಡು ದಿನ ಬಿಟ್ಟು ಹೊರಡಿ.