ಜರ್ಮನಿಗೆ ಹೊರಟ ಕುಮಟಾದ ತಂಗಿಗೆ

ತಂಗೀ, ಉಲ್ಮ್‌ಗೆ ಪಿಎಚ್‌.ಡಿ.ಗೆ ಬರುತ್ತಿದ್ದೀಯ, ಒಳ್ಳೇದಾಯ್ತು. ಬ್ಯಾಟರಿ ವಿಷಯ ತಗೊಳ್ಳಲೋ, ಎಂ.ಆರ್.ಐ. ಸ್ಕ್ಯಾನಿಂಗಿನ ನ್ಯಾನೋ ಕಣ ತಗೊಳ್ಳಲೋ, ಸಂಬಳ ಸಾಕಾ, ಊಟಕ್ಕೇನು ಗತಿ ಅಂತ ಕೇಳಿದ್ದೀಯ.

ಸಂಬಳ ಸಾಕು. ಸಾಮಾನ್ಯವಾಗಿ ಅರ್ಧ ಇಲ್ಲವೇ ಮುಕ್ಕಾಲು ಹುದ್ದೆಯ ಸಂಬಳ ಕೊಡುತ್ತಾರೆ, ಒಬ್ಬಳಿಗೆ ತೊಂದರೆಯಿಲ್ಲ. ಮನೆ ಸಿಕ್ಕ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸು. ಭಾನುವಾರ ಅಂಗಡಿ ತೆರೆದಿರುವುದಿಲ್ಲ.

ನನ್ನದು ಈಗ ಸೋಡಿಯಂ ಬ್ಯಾಟರಿ ಕೆಲಸ, ಹಾಗಾಗಿ ಪಕ್ಷಪಾತ ಇದ್ದೇ ಇದೆ. ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಗ್ರಾಫೈಟಿನ (ಪೆನ್ಸಿಲ್ ಕಡ್ಡಿಯ ಇಂಗಾಲದ) ಪದರಗಳ ನಡುವೆ ಸಲೀಸಾಗಿ ಹೋಗಿ ಕೂರುತ್ತದೆ, ಗ್ರಾಂಗೆ 372 ಮಿಲಿಆಂಪಿಯರ್-ಅವರ್ ವಿದ್ಯುತ್ ತುಂಬುವ ತನಕ. ಸೋಡಿಯಂ ಅಲ್ಲಿ ಕೂರಲು ಒಪ್ಪುವುದಿಲ್ಲ. ಅದಕ್ಕೆ ಪದರಗಳು ಅಡ್ಡಾದಿಡ್ಡಿ ಇರುವ, ನಡುನಡುವೆ ನ್ಯಾನೋ ಗಾತ್ರದ ಸಂದುಗಳಿರುವ ಹಾರ್ಡ್ ಕಾರ್ಬನ್ ಬೇಕು. ತೆಂಗಿನ ಕರಟ ಸುಟ್ಟೂ ಅದನ್ನು ಮಾಡುತ್ತಾರೆ. ಸೋಡಿಯಂ ಇರುವ ಸಾಣಿಕಟ್ಟಾದ ಉಪ್ಪು, ಮನೆಮನೆಯ ಕರಟ, ಎರಡೂ ನಮ್ಮ ಜಿಲ್ಲೆಯಲ್ಲೇ ಇವೆ ಅಲ್ವಾ! ಆದರೆ ಸೆಲ್ ಕಟ್ಟುವ ಗ್ಲೋವ್‌ಬಾಕ್ಸಿನೊಳಗೆ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಬರೀ ಆರ್ಗಾನ್ ಅನಿಲ, ತೇವ 1 ಪಿಪಿಎಂಗಿಂತ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ನಿಮ್ಮ ಕುಮಟಾದ ಮಳೆಗಾಲದ ಗಾಳಿ ಕುಡಿದವರಿಗೆ ನಂಬಲಿಕ್ಕೇ ಕಷ್ಟ.

ಎಂ.ಆರ್.ಐ. ಕಣವೂ ಚೆಂದದ ಕೆಲಸವೇ. ಶಿರಸಿಯಿಂದ ಬಂದು ನಾನು ಮೊದಲು ಸೇರಿದ್ದು ಬೇರೆ ಊರಿನ ಅಂಥದೊಂದು ಲ್ಯಾಬಿಗೆ. ಹೊರಗೆ ಜನವರಿ ಚಳಿ, ಜನರ ಮಾತು ಅರ್ಥವಾಗದು, ಒಳಗೆ ಮಾತ್ರ ಐರನ್ ಆಕ್ಸೈಡ್ ಕಣದ ಬಾಟಲಿಗೆ ಅಯಸ್ಕಾಂತ ಹಿಡಿದರೆ ಆ ಕಪ್ಪು ದ್ರವ ಗಾಜಿಗೆ ಅಂಟಿಕೊಂಡು ಮೇಲೇರುವುದನ್ನು ನೋಡುತ್ತ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಎಣ್ಣೆಯಂಥ ದ್ರಾವಣದಲ್ಲಿ ಹುಟ್ಟಿದ ಕಣ ನೀರಿಗೆ ಬಿದ್ದರೆ ಗಂಟುಕಟ್ಟುತ್ತದೆ, ಮೈಮೇಲೆ ಡೆಕ್ಸ್‌ಟ್ರಾನ್ (ಸಕ್ಕರೆಯ ಕಣಗಳು ಸರಪಳಿಯಾದ ವಸ್ತು) ಥರದ ಲೇಪ ಬೇಕು. ರಕ್ತಕ್ಕೆ ಹೋದ ಕಣವನ್ನು ಹೆಚ್ಚಾಗಿ ಲಿವರ್ ಹಿಡಿದುಕೊಳ್ಳುತ್ತದೆ. ಸ್ಕ್ಯಾನಿನಲ್ಲಿ ಲಿವರ್ ಕಪ್ಪಾಗುತ್ತದೆ, ಕಣ ಹಿಡಿಯದ ಗಡ್ಡೆ ಬೆಳ್ಳಗೆ ಉಳಿಯುತ್ತದೆ.

ಆ ಲೇಪ ನಿಲ್ಲುವಂತೆ ಮಾಡಿದ್ದು ನಾನು. ಆ ಕೆಲಸದ ಸಂಶೋಧನಾ ಪೇಪರ್ ಬಂದಾಗ ಲೇಖಕರ ಸಾಲಿನಲ್ಲಿ ನನ್ನ ಹೆಸರಿಲ್ಲ, ಕೊನೆಗೆ ಧನ್ಯವಾದ ಹೇಳುವಲ್ಲಿ ಇದೆ! ನಾನು ಕೇಳಲೂ ಇಲ್ಲ. ನಮ್ಮ ಕಡೆಯ ರೀತಿ ಗೊತ್ತಲ್ಲ, ದೊಡ್ಡವರ ಹತ್ತಿರ ನನ್ನ ಪಾಲೆಲ್ಲಿ ಅಂತ ಬಾಯಿಬಿಟ್ಟು ಕೇಳುವುದುಂಟಾ, ಬಡಿಸುವವರು ಪಂಕ್ತಿಯ ತುದಿಗೂ ಬಂದೇ ಬರುತ್ತಾರೆ ಅಂತ ಸುಮ್ನೆ ಕೂತೆ. ಪಕ್ಕದ ಟೇಬಲ್ಲಿನ ಹುಡುಗ ಕೇಳಿದ, ಅವನ ಹೆಸರು ಸೇರಿತು. ಇಲ್ಲಿ ಸುಮ್ಮನಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ. ಈಗಲೂ ಯಾರಾದರೂ ಆ ಪೇಪರ್ ಉಲ್ಲೇಖಿಸಿದರೆ ಹೊಟ್ಟೆ ಕಿವುಚುತ್ತದೆ.

ಅದಕ್ಕೇ, ವಿಷಯ ಯಾವುದಾದರೂ ಇರಲಿ, ಸೇರಿದ ಮೊದಲ ತಿಂಗಳಲ್ಲೇ ಕೇಳಿಬಿಡು: ಎಷ್ಟು ಕೆಲಸ ಮಾಡಿದರೆ ಪೇಪರಿನಲ್ಲಿ ಹೆಸರು ಬರುತ್ತದೆ, ಯಾರ ಹೆಸರು ಮೊದಲು? ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿದ್ದನ್ನೆಲ್ಲ ಲ್ಯಾಬ್ ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆ, ಕೆಟ್ಟುಹೋದ ಸೆಲ್ಲಿನದೂ ಸೇರಿಸಿ.

ಊಟದ್ದು ದೊಡ್ಡ ಚಿಂತೆಯಲ್ಲ. ಏಷ್ಯನ್ ಅಂಗಡಿಯಲ್ಲಿ ಫ್ರೀಜ್ ಮಾಡಿದ ಕಾಯಿತುರಿ ಸಿಗುತ್ತದೆ, ತಂಬುಳಿಗೆ ಪರವಾಗಿಲ್ಲ. ತುಪ್ಪ ಕಟ್ಟಿಕೊಂಡು ಬರಬೇಡ, ಹೊರಗಿನ ಹಾಲಿನ ಪದಾರ್ಥ ಇಲ್ಲಿಗೆ ತರುವಂತಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡದೆ ದೊಡ್ಡ ಲಗೇಜಿಗೆ ಹಾಕು, ಬಾಟಲಿ ಬಾಯಿಗೆ ಚೆನ್ನಾಗಿ ಪ್ಲಾಸ್ಟಿಕ್ ಸುತ್ತು. ನನಗೂ ಒಂದು ಬಾಟಲಿ ತಾ.